ಕಿವಿ ಮೇಸ್ತ್ರಿಯ ಚುಕ್ಕೆ

ಹನ್ನೊಂದನೆಯ ಕಂತು

"ಐದು ಗಂಟೆಗೆ ಎಕ್ಸ್‌ಪರ್ಟ್ ಬರ್ತಾರೆ, ರಿಪೋರ್ಟಿಗೆ ಸಹಿ ಹಾಕ್ತಾರೆ. ಆಮೇಲೆ ಈ ಗಾಡಿ ಹತ್ತಿರ ನಿಮ್ಮನ್ನ ಬಿಡೋದು ನನ್ನ ಕೈಲಿರಲ್ಲ," ಎಂದರು ಇನ್ಸ್‌ಪೆಕ್ಟರಮ್ಮ.

ಕಿವಿ ಮೇಸ್ತ್ರಿ ಅವರ ತುಟಿಗಳಿಂದ ಕಣ್ಣು ತೆಗೆದು ಠಾಣೆಯ ಹಿಂದಿನ ಶೆಡ್ಡಿನ ಗಡಿಯಾರ ನೋಡಿದ. ಮೂರೂ ಇಪ್ಪತ್ತು. ಒಂದು ಗಂಟೆ ನಲವತ್ತು ನಿಮಿಷದಲ್ಲಿ ಒಡಹುಟ್ಟಿದವನ ಹಣೆಬರಹ ತಿದ್ದಬೇಕಿತ್ತು.

ಡಾಕ್ಟರು ಮನೆ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಗೇರನ್ನು ಪಾರ್ಕಿಗೆ ತಳ್ಳಿ, ಗೇಟು ತೆಗೆಯಲು ಇಳಿದಾಗ ಅದೇ ಕಾರು ಜಾರಿಬಂದು ಅವರನ್ನು ಕಂಬಕ್ಕೆ ಒತ್ತಿ ಕೊಂದು ಹನ್ನೆರಡು ದಿನವಾಗಿತ್ತು. ಗೇರ್‌ಬಾಕ್ಸ್ ರಿಪೇರಿ ಮಾಡಿದ್ದ ಮೇಸ್ತ್ರಿಯ ತಮ್ಮ ಲಾಕಪ್ಪು ಸೇರಿ ಹತ್ತು ದಿನ.

ಪಾರ್ಕಿಗೆ ಹಾಕಿದ ಗಾಡಿಯನ್ನು ಹಿಡಿದು ನಿಲ್ಲಿಸುವುದು ಗೇರ್‌ಬಾಕ್ಸಿನ ಬಾಲದೊಳಗೆ, ಅಂದರೆ ಅದರ ಹಿಂತುದಿಯ ಗೂಡಿನೊಳಗಿರುವ ಒಂದೇ ಒಂದು ಉಕ್ಕಿನ ಹಲ್ಲು. ಹೆಬ್ಬೆರಳಿನಷ್ಟು ಸಾಮಾನು. ಹ್ಯಾಂಡ್‌ಬ್ರೇಕ್ ಎಳೆಯುವ ಅಭ್ಯಾಸವೇ ಇಲ್ಲದ ಡಾಕ್ಟರಂಥವರ ಜೀವವೆಲ್ಲ ಅದರ ಮೇಲೆ. ಎಕ್ಸ್‌ಪರ್ಟ್ ಏನನ್ನೂ ಬಿಚ್ಚದೆ, ಕ್ಯಾಮೆರಾ ಇದ್ದ ಸಣ್ಣ ಕೊಳವೆ ತೂರಿಸಿ ನೋಡಿ, ಹಲ್ಲು ಸವೆದು ಗುಂಡಗಾಗಿದೆ ಎಂದಿದ್ದ.

ತಮ್ಮ ಹೇಳಿದ್ದೇ ಬೇರೆ. "ನಾನು ಹೊಸ ಹಲ್ಲು ಹಾಕಿದೀನಿ. ಹಳೇದು ನಮ್ಮ ವರ್ಕ್‌ಶಾಪಿನ ಗೋಡೆ ಮೇಲೆ ನೇತಾಡ್ತಿದೆ, ಹೋಗಿ ನೋಡಿ." ಆ ವರ್ಕ್‌ಶಾಪಿನಲ್ಲಿ ಬಿಚ್ಚಿದ ಹಳೇ ಸಾಮಾನನ್ನೆಲ್ಲ ಗಾಡಿಯ ನಂಬರಿನ ಚೀಟಿ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕುವುದು ರೂಢಿ. ಪೊಲೀಸರು ಹೋಗಿ ನೋಡಿದರೆ ಮೊಳೆ ಖಾಲಿ. ಸಾಲದ್ದಕ್ಕೆ, ಬಣ್ಣಕ್ಕೆ ಗೀರು ಬಿತ್ತು ಅಂತ ಡಾಕ್ಟರು ನಾಲ್ಕು ಜನರ ಎದುರು ಬೈದಾಗ, ನಿಮ್ಮ ಗಾಡೀನೇ ಒಂದಿನ ನಿಮ್ಮನ್ನ ತುಳಿಯುತ್ತೆ ಎಂದು ಆ ದಡ್ಡ ತಮ್ಮ, ಬಾಯಿಗೆ ಬಂದದ್ದು ಆಡಿಬಿಟ್ಟಿದ್ದ. ಆ ನಾಲ್ಕೂ ಜನ ಈಗ ಸಾಕ್ಷಿಗಳು.

"ಡಾಕ್ಟರ ಡ್ರೈವರ್ ಒಂದು ಮಾತು ಹೇಳಿದ," ಎಂದರು ಇನ್ಸ್‌ಪೆಕ್ಟರಮ್ಮ, ಮೇಸ್ತ್ರಿಯ ಮುಖಕ್ಕೆ ನೇರವಾಗಿ ನಿಂತು. ಬೇರೆ ಪೊಲೀಸರು ಫೈಲು ನೋಡುತ್ತಲೋ ಮೀಸೆ ಮರೆಯಲ್ಲೋ ಮಾತು ನುಂಗುತ್ತಿದ್ದರು. ಈಯಮ್ಮ ಮಾತ್ರ ಯಾವಾಗಲೂ ಎದುರಿಗೇ ಬಂದು ನಿಂತು, ಬಾಯಿಗೆ ಕೈ ಅಡ್ಡ ಇಡದೆ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದರು. ವಯಸ್ಸಿಗೆ ಮರ್ಯಾದೆ ಕೊಡುತ್ತಾರೆ ಎಂದುಕೊಂಡಿದ್ದ ಮೇಸ್ತ್ರಿ.

"ಏನಂದ?"

"ರಿಪೇರಿ ಆದ ಮೇಲೆ ಮೂರು ವಾರ ಗಾಡಿ ರೇಷ್ಮೆ ಹಂಗೆ ಓಡ್ತಿತ್ತಂತೆ. ಕೊನೇ ಹತ್ತು ದಿನ, ಅರವತ್ತು ದಾಟಿದ್ರೆ ಸಾಕು, ಸೀಟೆಲ್ಲ ನಡುಗ್ತಿತ್ತಂತೆ. ಎಕ್ಸ್‌ಪರ್ಟ್‌ಗೆ ಹೇಳಿದೆ. ಐವತ್ತೈದು ವರ್ಷದ ಗಾಡಿ, ನಡುಗದೆ ಇನ್ನೇನು ಅಂದ್ರು. ನನಗೆ ಅದು ಒಪ್ಪಿಗೆ ಆಗ್ಲಿಲ್ಲ. ಊರೆಲ್ಲ ನಿಮ್ಮ ಕಿವಿ ಹೊಗಳುತ್ತೆ. ಕೇಳಿ ಹೇಳಿ."

ಕೇಳಿ ಹೇಳಿ! ಮೇಸ್ತ್ರಿಗೆ ಅತ್ತುಬಿಡೋಣ ಅನ್ನಿಸಿತು. ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಇಂಥಾ ಬೇರಿಂಗಿನ ಇಂಥಾ ಗುಂಡು ಸವೆದಿದೆ ಎನ್ನುತ್ತಿದ್ದವನಿಗೆ ಮೂರು ವರ್ಷದಿಂದ ತನ್ನ ಸುತ್ತಿಗೆಯ ಏಟೂ ಕೇಳಿಸುತ್ತಿರಲಿಲ್ಲ. ಮೂವತ್ತೈದು ವರ್ಷ ಕಬ್ಬಿಣ ಕುಟ್ಟಿದ್ದಕ್ಕೆ ಇದು ಕೂಲಿ ಎಂದುಕೊಂಡು ಸುಮ್ಮನಾಗಿದ್ದ. ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ತಮ್ಮನಿಗೆ ಮತ್ತು ಹೆಂಡತಿಗೆ ಮಾತ್ರ.

ಆ ಹೆಂಡತಿಯೇ ಅವನ ಕಿವಿ. ಮದುವೆಯಾದಾಗಿನಿಂದ ಸ್ಪ್ಯಾನರ್ ಎತ್ತಿಕೊಟ್ಟು ಎತ್ತಿಕೊಟ್ಟು ಅರ್ಧ ಮೇಸ್ತ್ರಿಯಾಗಿದ್ದವಳು. ಈಗ ಅವನು ಗಾಡಿಯ ಅಡಿ ಮಲಗಿದರೆ ಅವಳು ಮೇಲೆ ಸೀಟಿನಲ್ಲಿ ಕೂತು ಆಲಿಸಿ, ಬಾಗಿಲಿನಿಂದ ಕೈ ಕೆಳಗೆ ಇಳಿಬಿಟ್ಟು ಸನ್ನೆ ಮಾಡುತ್ತಿದ್ದಳು. ಒಂದು ಬೆರಳು ಎಂದರೆ ನಯ. ಎರಡು ಬೆರಳು ಎಂದರೆ ಕಟಕಟ. ಮುಷ್ಟಿ ಎಂದರೆ ನಡುಕ. ಮೂರು ವರ್ಷದಲ್ಲಿ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ.

"ಇವಳು ಸ್ಟಿಯರಿಂಗ್ ಹತ್ರ ಕೂರ್ಲಿ," ಎಂದ ಮೇಸ್ತ್ರಿ, ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ತೋರಿಸಿ. "ನನ್ನ ಕೆಲಸಕ್ಕೆ ಇವಳು ಬೇಕು."

ಇನ್ಸ್‌ಪೆಕ್ಟರಮ್ಮ ಹೆಂಡತಿಯನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಶೆಡ್ಡಿನ ಬಾಗಿಲಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತರು.

ಕಡು ಹಸಿರು ಬಣ್ಣದ ಆ ಉದ್ದನೆಯ ಹಳೇ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಎತ್ತಿ ಕೂರಿಸಿದ್ದರು. ಮುಂದಿನ ಬಂಪರು ಸೊಟ್ಟಗಾದದ್ದು ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಒಂದು ಜೀವ ತೆಗೆದ ಗುರುತು ಅದಕ್ಕೆ ಇರಲಿಲ್ಲ.

ಹೆಂಡತಿ ಸೀಟಿನಲ್ಲಿ ಕೂತಳು. ಹತ್ತು ದಿನದಲ್ಲಿ ಅವಳು ಅರ್ಧ ಇಳಿದುಹೋಗಿದ್ದಳು. ಮೈದುನನನ್ನು ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ಮಗನ ಹಾಗೆ ಸಾಕಿದ್ದವಳು. ಲಾಕಪ್ಪಿನಲ್ಲಿ ಅವನು ಅತ್ತಿಗೆ ಎಂದು ಕರೆದಾಗ ಕಂಬಿ ಹಿಡಿದು ಕುಸಿದಿದ್ದವಳು.

"ಮೊದಲು ನ್ಯೂಟ್ರಲ್‌ನಲ್ಲಿ ಏರಿಸು," ಎಂದು ತುಟಿಯಲ್ಲೇ ಹೇಳಿ ಮೇಸ್ತ್ರಿ ಅಡಿಗೆ ಜಾರಿದ.

ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಗೇರ್‌ಬಾಕ್ಸಿನ ಹೊಟ್ಟೆಗೆ ಒತ್ತಿದ. ಇದು ಅವನು ಈಚೆಗೆ ತಾನೇ ಕಂಡುಕೊಂಡ ದಾರಿ. ಕಿವಿಗೆ ಬಾರದ್ದು ದವಡೆಯ ಮೂಳೆಗೆ ಬರುತ್ತಿತ್ತು, ಸದ್ದಾಗಿ ಅಲ್ಲ, ಮುಟ್ಟಿದ ಹಾಗೆ. ಹೆಂಡತಿಗೂ ಅವನು ಇದನ್ನು ಇನ್ನೂ ತೋರಿಸಿರಲಿಲ್ಲ. ನಿನ್ನ ಕೈ ಸಾಲದು ಎಂದ ಹಾಗಾದೀತು ಎಂಬ ಸಂಕೋಚ.

ಇಂಜಿನ್ ಶುರುವಾಯಿತು, ಏರಿತು, ಇಳಿಯಿತು. ದವಡೆಗೆ ಬಂದದ್ದು ಒಂದೇ ಸಮನೆಯ ಗುನುಗು. ಇಂಜಿನ್ ಚೆನ್ನಾಗಿತ್ತು. ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಕನ್ವರ್ಟರ್ ಡಬ್ಬಿಯೂ ಚೆನ್ನಾಗಿತ್ತು. ಬಾಗಿಲಿನ ಬಳಿ ಕೈ ಇಳಿಯಿತು. ಒಂದು ಬೆರಳು. ಸರಿ.

ಡ್ರೈವಿಗೆ ಹಾಕಿಸಿದ. ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗತೊಡಗಿದವು. ಅವನ ಎದೆಯ ಮೇಲೆ ಒಂದು ಮೊಳ ಎತ್ತರದಲ್ಲಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟ್ ಸುತ್ತುತ್ತಿತ್ತು. ಮೂವತ್ತು. ಒಂದು ಬೆರಳು. ನಲವತ್ತೈದು. ಒಂದು ಬೆರಳು.

ಅರವತ್ತಕ್ಕೆ ಏರಿತು.

ಸ್ಕ್ರೂಡ್ರೈವರು ಹಲ್ಲಿನ ನಡುವೆ ಜಗ್ಗಿತು. ದವಡೆ, ಕೆನ್ನೆ, ಕಣ್ಣಿನ ಗುಳಿ, ಎಲ್ಲ ನಡುಗಿತು. ಎರಡು ಸಲ ತಳ ತಟ್ಟಿದ. ನ್ಯೂಟ್ರಲ್ ಮಾಡು ಎಂದರ್ಥ. ಇಂಜಿನ್ ತಣ್ಣಗಾಯಿತು, ಚಕ್ರಗಳು ಮಾತ್ರ ಬಂದ ವೇಗದಲ್ಲೇ ಸುತ್ತುತ್ತಿದ್ದವು. ನಡುಕ ಹೋಗಲಿಲ್ಲ. ಚಕ್ರ ನಿಧಾನವಾದಂತೆ ತಾನೂ ನಿಧಾನವಾಗಿ, ಕೊನೆಗೆ ಸತ್ತಿತು.

ಅಂದರೆ ಇದು ಇಂಜಿನ್ನಿನದಲ್ಲ, ಗೇರ್‌ಬಾಕ್ಸಿನ ಒಳಗಿನದೂ ಅಲ್ಲ. ಚಕ್ರದ ಜೊತೆ ಹುಟ್ಟಿ ಚಕ್ರದ ಜೊತೆ ಸಾಯುವ ನಡುಕ ಶಾಫ್ಟಿನದು. ಮೇಸ್ತ್ರಿ ಆಸೆಯಿಂದ ಬಾಗಿಲ ಕಡೆ ಕತ್ತು ಹೊರಳಿಸಿದ.

ಹೆಂಡತಿಯ ಕೈ ಇಳಿಯಿತು. ಒಂದು ಬೆರಳು.

ತನಗೇ ತಪ್ಪಾಯಿತೇನೋ ಎಂದುಕೊಂಡ. ಮತ್ತೆ ಅರವತ್ತಕ್ಕೆ ಏರಿಸುವಂತೆ ತಳ ತಟ್ಟಿ, ಈ ಸಲ ಅಂಗೈಯನ್ನು ಅವಳ ಸೀಟಿನ ಕೆಳಗಿನ ತಗಡಿಗೇ ಒತ್ತಿದ. ತಗಡು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಅದರ ಮೇಲೆ ಕೂತವಳಿಗೆ ಕಿವಿಯೂ ಬೇಕಾಗಿರಲಿಲ್ಲ.

ಒಂದು ಬೆರಳು. ನಯ.

ಪಾಪ, ನಿದ್ದೆ ಕೆಟ್ಟು ಕೆಟ್ಟು ಮೈಮೇಲೆ ಗ್ಯಾನವಿಲ್ಲ ಎಂದುಕೊಂಡ. ಹಾಗೆಂದುಕೊಳ್ಳದೆ ಬೇರೆ ದಾರಿ ಅವನಿಗಿರಲಿಲ್ಲ. ಇಂಜಿನ್ ಆರಿಸುವಂತೆ ತಟ್ಟಿ, ಬೆನ್ನ ಮೇಲೆ ತೆವಳಿಕೊಂಡು ಹಿಂದಕ್ಕೆ ಹೋದ.

ಶಾಫ್ಟಿನ ಮುಂದಿನ ತುದಿ ಹಿಡಿದು ಅಲ್ಲಾಡಿಸಿದ. ಬೆರಳಿಗೆ ಆಟವೇ ಸಿಗಲಿಲ್ಲ, ತಮ್ಮ ಹಾಕಿದ ಹೊಸ ಬುಷ್ಷಿನ ಬಳೆ ಗಟ್ಟಿಯಾಗಿ ಕೂತಿತ್ತು. ಸವೆತ ಎಲ್ಲೂ ಇಲ್ಲ. ಹಿಂದಿನ ತುದಿಗೆ ಬಂದ. ಅಲ್ಲಿ ಶಾಫ್ಟ್ ಒಂದು ಉಕ್ಕಿನ ಬಿಲ್ಲೆಗೆ ನಾಲ್ಕು ಬೋಲ್ಟುಗಳಿಂದ ಸೇರುತ್ತದೆ. ಬಟ್ಟೆಯಿಂದ ಒರೆಸಿದ. ಜಿಡ್ಡಿನ ಅಡಿಯಿಂದ ಹಳದಿ ಗೆರೆ ಎದ್ದು ಬಂತು.

ತಮ್ಮನ ಗೆರೆ. ಬಿಚ್ಚುವ ಮುಂಚೆ ಶಾಫ್ಟಿಗೂ ಬಿಲ್ಲೆಗೂ ಸೇರಿಸಿ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಅವನ ಪದ್ಧತಿ. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಬೇಕು. ಹಿಂದುಮುಂದಾದರೆ ತೂಕ ತಪ್ಪುತ್ತದೆ, ವೇಗದಲ್ಲಿ ನಡುಗುತ್ತದೆ.

ಬಿಲ್ಲೆಯ ಗೆರೆ ಮೇಲಿತ್ತು. ಶಾಫ್ಟಿನ ಗೆರೆ ಕೆಳಗಿತ್ತು.

ತಮ್ಮ ಜೋಡಿಸಿದಾಗ ಗೆರೆ ಕೂಡಿತ್ತು, ಅದಕ್ಕೇ ಮೂರು ವಾರ ರೇಷ್ಮೆ. ಆಮೇಲೆ ಯಾರೋ ಈ ಶಾಫ್ಟನ್ನು ಇಳಿಸಿ, ಮತ್ತೆ ತಿರುಗುಮುರುಗಾಗಿ ಏರಿಸಿದ್ದಾರೆ. ಶಾಫ್ಟ್ ಇಳಿಸದೆ ಬಾಲ ಬಿಚ್ಚುವ ಹಾಗಿಲ್ಲ, ಬಾಲ ಬಿಚ್ಚದೆ ಆ ಹಲ್ಲು ಮುಟ್ಟುವ ಹಾಗಿಲ್ಲ. ಹೊಸ ಹಲ್ಲು ಕಿತ್ತು ಹಳೇದನ್ನು ಹಾಕಿದವನು ಈ ನಡುಕವನ್ನು ಬಿಟ್ಟುಹೋಗಿದ್ದಾನೆ. ಗೆರೆ ಎಳೆದವನೇ ಗೆರೆ ತಪ್ಪಿಸುತ್ತಾನೆಯೇ? ತಮ್ಮ ಬದುಕಿಕೊಂಡ!

ಕೂಗಲು ಬಾಯಿ ತೆರೆದವನು ಹಾಗೇ ತಡೆದುಕೊಂಡ. ಬಟ್ಟೆ ಇನ್ನೊಂದು ಸಲ ಆಡಿದಾಗ ಬಿಲ್ಲೆಯ ಅಂಚಿನಲ್ಲಿ ಒಂದು ಚುಕ್ಕೆ ಕಂಡಿತು.

ಹದಿನೈದು ವರ್ಷದ ಹಿಂದೆ ಇದೇ ಕಾರು ಮೊದಲ ಸಲ ಬಂದಾಗ ಅವನೇ ಪಂಚಿನಿಂದ ಕುಟ್ಟಿದ್ದ ಚುಕ್ಕೆ. ಆಗ ಬಣ್ಣಗಿಣ್ಣ ಇರಲಿಲ್ಲ. ಅವನ ಲೆಕ್ಕ ಒಂದೇ: ಶಾಫ್ಟಿನ ತುದಿಯ ಕೂಡುಗೀಲಿಗೆ ಗ್ರೀಸ್ ತುಂಬುವ ಪುಟ್ಟ ಮೂತಿಯೊಂದಿರುತ್ತದಲ್ಲ, ಆ ನಿಪ್ಪಲ್ ಚುಕ್ಕೆಯ ಎದುರಿಗೆ ಬರಬೇಕು. ಚುಕ್ಕೆಗೆ ನಿಪ್ಪಲ್. ಬೇರೆ ಯಾವ ವರ್ಕ್‌ಶಾಪಿನಲ್ಲೂ ಇಲ್ಲದ ಲೆಕ್ಕ. ತಮ್ಮ ಅದನ್ನು ಕಂಡರೆ ನಗುತ್ತಿದ್ದ. ಈ ಸಲ ಕೀಲನ್ನೇ ಹೊಸದು ಹಾಕಿದಾಗ ನಿಪ್ಪಲ್ ಆಚೆ ಬದಿಗೆ ಹೋಗಿತ್ತು. ಮೇಸ್ತ್ರಿ ಗೊಣಗಿದ್ದಕ್ಕೆ, "ನಿಪ್ಪಲ್ ಎಲ್ಲಿದ್ರೇನಣ್ಣ, ಗೆರೆ ಕೂಡಿದ್ರಾಯ್ತು," ಎಂದಿದ್ದ.

ಈಗ ನಿಪ್ಪಲ್ ಚುಕ್ಕೆಯ ಎದುರಿಗೆ ನೆಟ್ಟಗೆ ಬಂದು ಕೂತಿತ್ತು.

ಇದನ್ನು ಏರಿಸಿದ ಕೈ ಹಳದಿ ಗೆರೆಯನ್ನು ನೋಡಲೇ ಇಲ್ಲ. ಚುಕ್ಕೆ ಹುಡುಕಿತು, ನಿಪ್ಪಲ್ ತಂದು ನಿಲ್ಲಿಸಿತು, ಸರಿಯಾಯಿತು ಎಂದು ಬೋಲ್ಟು ಬಿಗಿಯಿತು. ಚುಕ್ಕೆಗೆ ನಿಪ್ಪಲ್ ಎಂದು ಜೋಡಿಸುವವರು ಲೋಕದಲ್ಲಿ ಇಬ್ಬರೇ. ಒಬ್ಬ ಇಲ್ಲಿ ಅಂಗಾತ ಮಲಗಿದ್ದ.

ಗಾಡಿಯ ಅಡಿಯಿಂದ ಹೇಗೆ ಹೊರಗೆ ಬಂದನೋ ಅವನಿಗೇ ತಿಳಿಯಲಿಲ್ಲ. ಹೆಂಡತಿ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು, ಕೈಯಲ್ಲಿ ಒಗೆದ ಬಟ್ಟೆ ಹಿಡಿದು. ಮೂವತ್ತು ವರ್ಷ ಅವನು ಹೊರಗೆ ಬಂದಾಗಲೆಲ್ಲ ಹಾಗೆಯೇ ಕೂತಿರುತ್ತಿದ್ದಳು.

ಅವನು ಶೆಡ್ಡಿನ ಬಾಗಿಲಿಗೆ ಬೆನ್ನು ಮಾಡಿ ಕೂತ. ಅವಳು, ಅವನಿಗೆ ತುಟಿ ಚೆನ್ನಾಗಿ ಕಾಣಲೆಂದು, ಯಾವಾಗಿನಂತೆ ಬೆಳಕಿನ ಕಡೆ ಮುಖ ಮಾಡಿದಳು. ಮೂರು ವರ್ಷದಿಂದ ಅವರ ಮಾತುಕತೆ ಹೀಗೆಯೇ. ಅವರ ಮನೆಯಲ್ಲಿ ಜಗಳವೂ ಸದ್ದಿಲ್ಲದೆ ನಡೆಯುತ್ತಿತ್ತು.

"ನಡುಕ ಇತ್ತು," ಎಂದ, ತುಟಿಯಲ್ಲೇ.

ಅವಳು ಅವನ ಮೊಣಕೈಯ ಜಿಡ್ಡು ಒರೆಸಿದಳು.

"ನೀನು ಒಂದು ಬೆರಳು ತೋರಿಸಿದೆ."

"ಹೂಂ."

"ಚುಕ್ಕೆಗೆ ನಿಪ್ಪಲ್ ಕೂತಿದೆ ಕಣೇ."

ಅವಳು ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. "ಅವತ್ತು ನೀವಿಬ್ರೂ ಸಾಮಾನು ಹುಡುಕ್ಕೊಂಡು ಗುಜರಿಗೆ ಹೋಗಿದ್ರಿ. ಡ್ರೈವರಿಗೆ ರಜ. ಡಾಕ್ಟರೇ ಓಡಿಸ್ಕೊಂಡು ಬಂದು, ಎಣ್ಣೆ ತೊಟ್ಟಿಕ್ತಿದೆ ನೋಡಮ್ಮ ಅಂತ ಬಿಟ್ಟುಹೋದ. ಸಂಜೆ ತಗೊಂಡು ಹೋದ. ನಾನು ನಿಮಗೆ ಹೇಳ್ಲಿಲ್ಲ."

"ಯಾಕೆ? ಆ ಮನುಷ್ಯ ನಿನಗೇನು ಮಾಡಿದ್ದ?"

"ನನಗಲ್ಲ. ನಿಮಗೆ."

ಮೇಸ್ತ್ರಿಗೆ ಅರ್ಥವಾಗಲಿಲ್ಲ.

"ಮೂರು ವರ್ಷದ ಹಿಂದೆ ಜ್ವರಕ್ಕೆ ಇಪ್ಪತ್ತೊಂದು ದಿನ ಸೂಜಿ ಚುಚ್ಚಿದ್ನಲ್ಲ. ಐದನೇ ದಿನಾನೇ ನಾನು ಹೇಳ್ದೆ, ಇವ್ರಿಗೆ ಕಿವಿ ಗುಂಯ್ ಅಂತಿದೆಯಂತೆ ಅಂತ. ಹೋಗುತ್ತೆ ಬಿಡಮ್ಮ ಅಂದ. ಆಮೇಲೂ ಚುಚ್ಚಿದ. ಹೋದ ತಿಂಗಳು ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರಿಗೆ ನಿಮ್ಮ ಹಳೇ ಚೀಟಿ ತೋರಿಸ್ದೆ. ಕಿವಿ ಗುಂಯ್ ಅಂದ ದಿನಾನೇ ನಿಲ್ಲಿಸ್ಬೇಕಿತ್ತು, ಕಿವಿ ಉಳೀತಿತ್ತು ಅಂದ್ರು."

ಮೇಸ್ತ್ರಿಯ ಕಣ್ಣ ಮುಂದೆ ಡಾಕ್ಟರ ನಗುಮುಖ ಬಂತು. ಈ ಊರಲ್ಲಿ ನಿನ್ನ ಕಿವಿ ಬಿಟ್ಟು ಇನ್ಯಾರನ್ನೂ ನಂಬಲ್ಲ ಕಣಯ್ಯ ಎಂದು ಬೆನ್ನು ತಟ್ಟುತ್ತಿದ್ದ ಮನುಷ್ಯ. ಕಿವುಡನ ಬೆನ್ನು ತಟ್ಟುತ್ತಿದ್ದ. ಹೆಂಡತಿ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

"ಸಾಯ್ಲಿ ಅಂತ ಮಾಡ್ಲಿಲ್ಲ ರೀ," ಎಂದಳು. ತುಟಿ ಅದುರಿ ಮಾತು ಕಲಸಿಹೋಗುತ್ತಿತ್ತು. ಅವನು ಮುಂದಕ್ಕೆ ಬಾಗಿ ಓದಿದ. "ಆ ಗಾಡಿ ಅಂದ್ರೆ ಅವನಿಗೆ ಪ್ರಾಣ. ನನ್ನ ಗಂಡನ ಕಿವಿ ಕಿತ್ಕೊಂಡ, ಅವನ ಗಾಡಿ ಗೋಡೆಗೆ ಬಿದ್ದು ಜಜ್ಜಿ ಹೋಗ್ಲಿ ಅಂದ್ಕೊಂಡೆ. ಗೋಡೆ ಮೇಲಿನ ಹಳೇ ಹಲ್ಲು ತೆಗೆದು ಹಾಕ್ದೆ. ಅವನು ಅದರ ಮುಂದೆ ಹೋಗಿ ನಿಲ್ತಾನೆ ಅಂತ ನಾನು ಕನಸು ಕಂಡಿದ್ನಾ? ಮಗು ಹೋಗಿ ಕಂಬಿ ಹಿಂದೆ ಕೂರ್ತಾನೆ ಅಂತ ಕಂಡಿದ್ನಾ?"

"ಮತ್ತೆ ಇವತ್ತು ಯಾಕೆ ಸುಳ್ಳು ಹೇಳ್ದೆ? ಅವನನ್ನ ಬಿಡಿಸೋದು ಆ ನಡುಕ ಒಂದೇ."

"ನಡುಕ ಇದೆ ಅಂದಿದ್ರೆ ನೀವು ಚುಕ್ಕೆ ನೋಡ್ತಿದ್ರಿ." ಅವಳ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಪೊಲೀಸರಿಗೆ ಹೆದರ್ಲಿಲ್ಲ. ನಿಮಗೆ ಗೊತ್ತಾಗುತ್ತೆ ಅಂತ ಹೆದರ್ದೆ."

ಮೇಸ್ತ್ರಿ ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ತನ್ನ ಕಿವಿಗಾಗಿ ಇವಳು ಒಂದು ಪ್ರಾಣ ತೆಗೆದಳು, ತನ್ನ ಚುಕ್ಕೆಯೇ ಇವಳನ್ನು ಹಿಡಿದುಕೊಟ್ಟಿತು. ಬಾಯಿ ಮುಚ್ಚಿದರೆ ತಮ್ಮ ಹೋಗುತ್ತಾನೆ, ತೆರೆದರೆ ಹೆಂಡತಿ ಹೋಗುತ್ತಾಳೆ. ಇಷ್ಟು ವರ್ಷ ದುಡಿದ ಕೈಗೆ ಕೊನೆಗೆ ಉಳಿದದ್ದು ಇದು.

ಅಂಗೈ ಊರಿಕೊಂಡಿದ್ದ ನೆಲ ಸಣ್ಣಗೆ ಅದುರಿತು. ಅಂಗಳಕ್ಕೆ ಗಾಡಿ ಬಂದಿತ್ತು. ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷ. ಇನ್ಸ್‌ಪೆಕ್ಟರಮ್ಮ ಕುರ್ಚಿಯಿಂದ ಎದ್ದು ಇತ್ತಲೇ ಬರುತ್ತಿದ್ದರು.

ಮೇಸ್ತ್ರಿ ಮಂಡಿಗೆ ಕೈಕೊಟ್ಟು ಎದ್ದು ನಿಂತ. ಎದ್ದು ನಿಲ್ಲುವಷ್ಟರಲ್ಲಿ ತೀರ್ಮಾನವಾಗಿತ್ತು. ಆ ಚುಕ್ಕೆಯ ಲೆಕ್ಕದಲ್ಲಿ ಜೋಡಿಸುವವರು ಇಬ್ಬರು. ಇಬ್ಬರಲ್ಲಿ ಒಬ್ಬರು ಸಾಕು.

"ಎಕ್ಸ್‌ಪರ್ಟ್ ಬಂದ್ರು," ಎಂದರು ಇನ್ಸ್‌ಪೆಕ್ಟರಮ್ಮ, ಎದುರಿಗೆ ಬಂದು. "ಏನಾದ್ರೂ ಸಿಕ್ತಾ?"

"ಸಿಕ್ತು." ತನ್ನ ದನಿ ಎಷ್ಟು ಜೋರಾಗಿ ಹೊರಟಿತೋ ಅವನಿಗೆ ತಿಳಿಯಲಿಲ್ಲ. "ನನ್ನ ತಮ್ಮ ರಿಪೇರಿ ಮಾಡಿದ ಮೇಲೆ ಆ ಶಾಫ್ಟ್ ಇನ್ನೊಂದು ಸಲ ಇಳಿದಿದೆ. ಅವನ ಹಳದಿ ಗೆರೆ ತಪ್ಪಿದೆ, ಅದಕ್ಕೇ ನಡುಕ. ನಿಮ್ಮ ಎಕ್ಸ್‌ಪರ್ಟೂ ಬಗ್ಗಿ ನೋಡ್ಲಿ. ಹೊಸ ಹಲ್ಲು ತೆಗೆದು ಹಳೇದು ಹಾಕಿದ್ದು ಅವಾಗ್ಲೇ. ಬಿಲ್ಲೆ ಮೇಲೆ ಒಂದು ಚುಕ್ಕೆ ಇದೆ. ಆ ಚುಕ್ಕೆ ನನ್ನದು. ಆ ಲೆಕ್ಕದಲ್ಲಿ ಜೋಡಿಸೋನು ನಾನೊಬ್ಬನೇ. ಬಿಚ್ಚಿದ್ದು ನಾನು."

ಇನ್ಸ್‌ಪೆಕ್ಟರಮ್ಮನ ಹಿಂದೆ, ಚಕ್ರದ ಬಳಿ, ಹೆಂಡತಿ ಎದ್ದು ನಿಂತಿದ್ದಳು. ಅವಳ ಕೈಯ ಬಟ್ಟೆ ನೆಲಕ್ಕೆ ಬಿದ್ದಿತ್ತು.

ಇನ್ಸ್‌ಪೆಕ್ಟರಮ್ಮ ಪೆನ್ನು ತೆರೆಯಲಿಲ್ಲ. ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಒಂದು ಹೆಜ್ಜೆ ಇನ್ನೂ ಹತ್ತಿರ ಬಂದರು. ಅವರ ತುಟಿಗಳು ಆಡಿದವು, ಎಂದಿನಂತೆ ಒಂದೊಂದೇ ಮಾತು ಬಿಡಿಸಿಕೊಂಡು.

"ನಮ್ಮಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸ್ತಿರಲಿಲ್ಲ. ತುಟಿ ಓದೋದು ಅವರಿಂದಲೇ ಕಲಿತೆ. ನಿಮಗೂ ಕೇಳ್ಸಲ್ಲ ಅಂತ ಮೊದಲ ದಿನಾನೇ ಗೊತ್ತಾಯ್ತು. ನಿಮ್ಮ ಹೆಂಡತಿ ಬೆಳಕಿಗೆ ಮುಖ ಕೊಟ್ಟು ಹೇಳಿದ್ದು ನನಗೆ ಅಷ್ಟೂ ಕಾಣಿಸ್ತು."

ಮೇಸ್ತ್ರಿ ತಟ್ಟನೆ ಹೆಂಡತಿಯ ಮುಖ ನೋಡಿದ. ಅವಳ ಮುಖದಲ್ಲಿ ಬದಲಾವಣೆಯೇ ಇರಲಿಲ್ಲ. ಅಂದರೆ ಈ ಮಾತಿಗೆ ದನಿ ಇರಲಿಲ್ಲ. ಇದನ್ನು ಹೇಳಿದ್ದು ಅವನಿಗೊಬ್ಬನಿಗೇ.

"ಎಕ್ಸ್‌ಪರ್ಟ್ ಬಾಗಿಲಿಗೆ ಬರೋಕೆ ಇನ್ನೊಂದು ನಿಮಿಷ ಇದೆ," ಎಂದವು ಆ ತುಟಿಗಳು. "ನಾನು ಇನ್ನೂ ಏನೂ ಬರ್ಕೊಂಡಿಲ್ಲ. ಕಡೇ ಸಲ ಕೇಳ್ತೀನಿ. ಬಿಚ್ಚಿದ್ದು ಯಾರು?"

ಮೇಸ್ತ್ರಿ ಉತ್ತರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ, ಇನ್ಸ್‌ಪೆಕ್ಟರಮ್ಮನ ಭುಜದ ಆಚೆ, ಏನೂ ಕೇಳಿಸಿಕೊಂಡಿರದ ಹೆಂಡತಿ ಅವನನ್ನೇ ನೋಡುತ್ತ ಕೈ ಮೇಲೆತ್ತಿದಳು. ಈ ಸಲ ಸುಳ್ಳು ಹೇಳಿದ ಆ ಒಂದು ಬೆರಳಲ್ಲ, ನಡುಕಕ್ಕೆ ನಿಜವಾದ ಸನ್ನೆ. ಮುಷ್ಟಿ.